ಮಗಳು ಹಾಕಿದ ನನ್ನ ಸಹಿ

ಕಳೆದ ಸೋಮವಾರ ಮಗಳ ಶಾಲೆಯಿಂದ ಆಫೀಸಿಗೆ ಫೋನ್ ಬಂತು. ಮಧ್ಯಾಹ್ನ ಬಂದು ಕ್ಲಾಸ್ ಟೀಚರನ್ನು ನೋಡಬೇಕಂತೆ. ಕಾರಣ ಹೇಳಲಿಲ್ಲ.

ಹೇಳಬೇಕಾಗಿಯೂ ಇರಲಿಲ್ಲ. ಅನಘಾಗೆ ಏಳು ವರ್ಷ, ಎರಡನೇ ಕ್ಲಾಸು. ಹೋದ ಸಲ ಮೂರನೇ ರ್‍ಯಾಂಕ್ ಬಂದಿತ್ತು. ಈ ಸಲ ಮೊದಲನೆಯದೇ ಇರಬೇಕು, ಟೀಚರ್ ಖುದ್ದಾಗಿ ಅಭಿನಂದಿಸಲು ಕರೆದಿದ್ದಾರೆ. (ಅಪ್ಪಂದಿರ ತಲೆ ಓಡುವುದೇ ಹೀಗೆ.) ಡ್ರಾಯರಿನಲ್ಲಿದ್ದ ಟೈ ತೆಗೆದು ಕಟ್ಟಿಕೊಂಡೆ.

ನನ್ನ ಕಾರು ಮತ್ತೆ ಗ್ಯಾರೇಜಿನಲ್ಲಿದೆ. ಅದರ ಚರಿತ್ರೆ ಈ ಅಂಕಣದ ಓದುಗರಿಗೆ ಬಾಯಿಪಾಠವಾಗಿರಬೇಕು. ದೋಹಾದ ಮುಶೈರಿಬ್‌ನ ನಮ್ಮ ಆಫೀಸಿನಲ್ಲಿ ಪಕ್ಕದ ಟೇಬಲ್ಲಿನ ಎಂಜಿನಿಯರ್, ‘ಯಲ್ಲಾ, ನಾನು ಕರೆದುಕೊಂಡು ಹೋಗುತ್ತೇನೆ’ ಎಂದ. ಫಿನ್ಲೆಂಡಿನವನು. ಇಲ್ಲಿಗೆ ಬಂದು ವರ್ಷವಾದರೂ ಕಲಿತ ಅರಬ್ಬಿ ‘ನಡಿ, ಹೋಗೋಣ’ ಎನ್ನುವ ಆ ‘ಯಲ್ಲಾ’ ಒಂದೇ. ಹೆಸರು ಮಾರ್ಕು. (ಅಡ್ಡಹೆಸರಲ್ಲ, ಹೆತ್ತವರು ಇಟ್ಟದ್ದೇ.)

ದಾರಿಯಲ್ಲಿ ಮಗಳ ರ್‍ಯಾಂಕಿನ ವಿಷಯ ಎತ್ತಿದೆ. ಎತ್ತದೆ ಇರಲು ಆಗುತ್ತದೆಯೇ?

‘ರ್‍ಯಾಂಕ್ ಅಂದರೆ?’ ಎಂದ ಮಾರ್ಕು.

ಕ್ಲಾಸಿನ ಮಕ್ಕಳನ್ನೆಲ್ಲ ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಮ್ಮವಳು ಎಷ್ಟನೆಯವಳು ಅಂತ, ಎಂದು ವಿವರಿಸಿದೆ.

‘ಅದು ಯಾರಿಗೆ ಬೇಕು?’

ಎಂಥ ಪ್ರಶ್ನೆ! ಯಾರಿಗೆ ಬೇಡ?

ಅವನ ಮಗಳಿಗೂ ಏಳು ವರ್ಷ. ಫಿನ್ಲೆಂಡಿನಲ್ಲಿ ತಾಯಿಯ ಜೊತೆ ಇದ್ದಾಳೆ, ಈಗಷ್ಟೇ ಶಾಲೆ ಶುರು. ಅಲ್ಲಿ ಸೇರಿಸುವುದೇ ಏಳಕ್ಕಂತೆ. ಫೀಸಿಲ್ಲ. ಪುಸ್ತಕ ಶಾಲೆಯದೇ, ಮಧ್ಯಾಹ್ನದ ಬಿಸಿ ಊಟವೂ ಶಾಲೆಯದೇ. ಒಂದು ಪಾಠ ಮುಗಿದರೆ ಮಕ್ಕಳನ್ನು ಅಂಗಳಕ್ಕೆ ಬಿಡುತ್ತಾರಂತೆ, ಹಿಮ ಬೀಳುತ್ತಿದ್ದರೂ. ಹದಿನಾರರವರೆಗೆ ಎಲ್ಲರಿಗೂ ಒಂದೇ ಥರದ ಶಾಲೆ. ದೇಶಕ್ಕೆಲ್ಲ ಒಂದೇ ದೊಡ್ಡ ಪರೀಕ್ಷೆ ಅಂತ ಬರುವುದು ಅದೂ ಆದ ಮೇಲೆ, ನಮ್ಮವರು ಪಿಯುಸಿ ಮುಗಿಸುವ ವಯಸ್ಸಿನಲ್ಲಿ.

‘ಹಾಗಾದರೆ ನಿಮ್ಮೂರಲ್ಲಿ ಒಳ್ಳೇ ಸ್ಕೂಲ್ ಯಾವುದು?’

ಮಾರ್ಕು ಸ್ವಲ್ಪ ಯೋಚಿಸಿದ. ‘ಮನೆಗೆ ಹತ್ತಿರದ್ದು.’

ಪಾಪ ಅನ್ನಿಸಿತು. ‘ಪರೀಕ್ಷೆ ಇಲ್ಲದಿದ್ದರೆ ಮಗು ಕಲಿತಿದೆಯೋ ಇಲ್ಲವೋ ಹೇಗೆ ಗೊತ್ತಾಗಬೇಕು?’

‘ಟೀಚರಿಗೆ ಗೊತ್ತಿರುತ್ತದಲ್ಲ. ಕಲಿಸುವವರು ಅವರೇ ತಾನೆ?’

ಒಂದನೇ ಕ್ಲಾಸಿಗೆ ಪಾಠ ಮಾಡುವವರೂ ಯೂನಿವರ್ಸಿಟಿಯಲ್ಲಿ ಮಾಸ್ಟರ್ಸ್ ಮಾಡಿರಬೇಕಂತೆ. ಅಷ್ಟು ಓದಿಯೂ ಒಂದು ರ್‍ಯಾಂಕ್ ಲಿಸ್ಟ್ ಹಾಕಲು ಬರುವುದಿಲ್ಲವೆ? ನಾನು ಒಳಗೊಳಗೇ ನಕ್ಕೆ. ಶಾಲೆ ಬಂತು.

ಟೀಚರ್ ನನ್ನ ಮುಂದೆ ಮೂರು ಟೆಸ್ಟ್ ಪೇಪರ್ ಹರಡಿದರು. ‘ಇದು ನಿಮ್ಮ ಸಿಗ್ನೇಚರಾ ಸಾರ್?’

ಮೂರರಲ್ಲೂ ನನ್ನ ಹೆಸರಿತ್ತು. ಇನಿಶಿಯಲ್ ಸಮೇತ, ದುಂಡಗೆ, ಗೆರೆಯ ಮೇಲೆ ಕೂರಿಸಿದ ಹಾಗೆ. ಕೊನೆಗೊಂದು ಫುಲ್‌ಸ್ಟಾಪ್ ಬೇರೆ.

‘ತುಂಬಾ ನೀಟಾಗಿತ್ತು ಸಾರ್. ಅದಕ್ಕೇ ಡೌಟ್ ಬಂತು.’

ಸಿಟ್ಟು ನೆತ್ತಿಗೇರಿತು. ನಿಜ ಹೇಳಬೇಕೆಂದರೆ, ಸಹಿ ನೋಡಿ ಅಲ್ಲ. ಅದರ ಪಕ್ಕದ ಅಂಕ ನೋಡಿ. ಒಂದರಲ್ಲಂತೂ ಇಪ್ಪತ್ತೈದಕ್ಕೆ ಹದಿನಾಲ್ಕು!

‘ಯಾಕೆ ಹೀಗೆ ಮಾಡಿದೆ ಅಂತ ಅವಳನ್ನೇ ಕೇಳಿದೆ’ ಎಂದು ಟೀಚರ್ ದನಿ ತಗ್ಗಿಸಿದರು. ‘ಮಾರ್ಕ್ಸ್ ಕಮ್ಮಿ ಬಂದರೆ ಅಪ್ಪ ನನ್ನ ಜೊತೆ ಮಾತಾಡಲ್ಲ ಅಂದಳು ಸಾರ್.’

ಶುದ್ಧ ಸುಳ್ಳು ಎನ್ನಲು ಬಾಯಿ ತೆರೆದೆ. ಹೋದ ತಿಂಗಳ ಗಣಿತದ ಟೆಸ್ಟ್ ನೆನಪಾಯಿತು. ಎರಡು ದಿನ ಮಾತು ಬಿಟ್ಟಿದ್ದೆ. ಏಳು ವರ್ಷದ ಮಗುವಿನ ಜೊತೆ! ಬಾಯಿ ಮುಚ್ಚಿಕೊಂಡು ಎದ್ದೆ.

ವಾಪಸು ಬರುವಾಗ ಅನಘಾ ಹಿಂದಿನ ಸೀಟಿನ ಮೂಲೆಯಲ್ಲಿ ಮುದುಡಿ ಕೂತಿದ್ದಳು. ಒಳಗೆ ನಡೆದದ್ದು ಮಾರ್ಕುವಿಗೆ ಗೊತ್ತಿಲ್ಲ. ‘ಇವತ್ತು ಸ್ಕೂಲಲ್ಲಿ ಏನು ಕಲಿತೆ?’ ಎಂದು ಇಂಗ್ಲಿಷಿನಲ್ಲಿ ಕೇಳಿದ.

‘ಟುಡೇಸ್ ಟೆಸ್ಟ್, ನೈನ್‌ಟೀನ್ ಔಟ್ ಆಫ್ ಟ್ವೆಂಟಿಫೈವ್, ಅಂಕಲ್.’

ಕೇಳಿಸಲಿಲ್ಲವೇನೋ ಎಂದು ಅವನು ಮತ್ತೆ ಕೇಳಿದ. ಅವಳು ನನ್ನನ್ನು ನೋಡಿದಳು. ‘ಸಾರಿ ಅಪ್ಪಾ, ನೆಕ್ಸ್ಟ್ ಟೈಮ್ ಟ್ವೆಂಟಿಫೈವ್ ತಗೋತೀನಿ’ ಎಂದಳು. ನಾನು ಕಿಟಕಿಯ ಕಡೆ ತಿರುಗಿದೆ. ಆಚೆ ನೋಡುವಂಥದ್ದು ಏನೂ ಇರಲಿಲ್ಲ.

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದಳು: ‘ನಿಮ್ಮ ಪಿಯುಸಿ ಮಾರ್ಕ್ಸ್ ಕಾರ್ಡ್ ನನ್ನ ಹತ್ರಾನೇ ಇದೆ ಕಣ್ರೀ. ಅವಳಿಗೆ ತೋರಿಸ್ಲಾ?’

ಅಲ್ಲೇ ಪ್ರತಿಜ್ಞೆ ಮಾಡಿದೆ. ಇನ್ನು ಮಗಳನ್ನು ಅಂಕ ಕೇಳುವುದಿಲ್ಲ. ಏನು ಕಲಿತೆ ಎಂದಷ್ಟೇ ಕೇಳುತ್ತೇನೆ.

ಮೊದಲ ದಿನ ಅವಳು ನನ್ನನ್ನು ಅನುಮಾನದಿಂದ ನೋಡಿದಳು. ಎರಡನೇ ದಿನ, ಒಂಟೆಯ ಕಾಲು ಮರಳಿನಲ್ಲಿ ಯಾಕೆ ಹೂತುಹೋಗುವುದಿಲ್ಲ ಎಂದು ಊಟ ಆರುವವರೆಗೆ ಹೇಳಿದಳು. ಪಾದ ಅಗಲವಂತೆ, ಮೆತ್ತಗಂತೆ. ಆರು ವರ್ಷದಿಂದ ಈ ಮರಳಿನಲ್ಲಿದ್ದೇನೆ, ನನಗೇ ಗೊತ್ತಿರಲಿಲ್ಲ. ಸುಖವಾಗಿತ್ತು.

ನಿನ್ನೆ ಮೆಟ್ಟಿಲ ಮೇಲೆ ಮೇಲಿನ ಮನೆಯ ಶೆಟ್ಟರ ಮಗಳು ಸಿಕ್ಕಳು. ಅನಘಾಳದೇ ಕ್ಲಾಸು. ಆಚೀಚೆ ನೋಡಿದೆ, ಯಾರೂ ಇರಲಿಲ್ಲ. ‘ಮ್ಯಾಥ್ಸಲ್ಲಿ ನಿಂಗೆಷ್ಟು ಪುಟ್ಟಾ?’ ಅಂದೆ.

ಪ್ರತಿಜ್ಞೆ ಮಾಡಿದ್ದು ನನ್ನ ಮಗಳನ್ನು ಕೇಳುವುದಿಲ್ಲ ಅಂತ ತಾನೆ?