ಕಳ್ಳನ ಹೆಸರಿನ ಬೀಗ ರಿಪೇರಿಯವರು

ನಮ್ಮನೆಯವರದ್ದು ಬೀಗ ರಿಪೇರಿ ಅಂಗಡಿ. ಇವರ ಹೆಸರಿನ ಅರ್ಥ ನಂಬಿಕಸ್ಥ, ಮನೆತನದ ಹೆಸರಿನ ಅರ್ಥ ಬೀಗ ಮಾಡುವವರು. ಹೆಸರಿಟ್ಟದ್ದು ಇವರ ತಾತ, ಅವರೂ ಬೀಗದ ಕೆಲಸದವರೇ. ಇದೇ ಹೆಸರಿನ ಇಂಜಿನಿಯರೊಬ್ಬರು ಎಲ್ಲೋ ದೊಡ್ಡ ಸೇತುವೆ ಕಟ್ಟಿದರಂತೆ. ಆ ಸುದ್ದಿ ಬಂದ ಪೇಪರ್ ತುಂಡನ್ನು ಅಂಗಡಿ ಗೋಡೆಗೆ ಅಂಟಿಸಿಕೊಂಡು ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಸೇತುವೆ ತಾವೇ ಕಟ್ಟಿದ ಹಾಗೆ!

ಕೆಲಸದಲ್ಲಿ ಇವರದೊಂದು ಪದ್ಧತಿ. ಬೀಗ ತೆರೆದ ಕೂಡಲೇ ಬಾಗಿಲಿಗೆ ಬೆನ್ನು ಮಾಡಿ ನಿಲ್ಲುತ್ತಾರೆ. ಬಾಗಿಲು ತಳ್ಳುವುದು ಮನೆಯವರೇ. ಮೂವತ್ತು ವರ್ಷದಲ್ಲಿ ಯಾವ ಗಿರಾಕಿಯ ಹೊಸಿಲನ್ನೂ ದಾಟಿದವರಲ್ಲ.

ಹೋದ ತಿಂಗಳು ಪೇಪರಿನಲ್ಲಿ ಇನ್ನೊಬ್ಬ ಬಂದ. ನಲವತ್ತು ಮನೆಯ ಬೀಗ ಒಡೆದ ಕಳ್ಳ. ಹೆಸರು, ಮನೆತನ, ಎರಡೂ ಇವರದ್ದೇ! ಅಂಗಡಿಯ ಎದುರುಮನೆ ಟೈಲರಮ್ಮ ಒಳಗೇ ಬಂದು, "ನಿಮ್ಮ ಕಡೆಯವನಾ?" ಅಂದಳು. ನನಗೆ ಮೈಯೆಲ್ಲ ಉರಿಯಿತು. ಗಿರಾಕಿಗಳು ಕಡಿಮೆಯಾಗುತ್ತಾ ಬಂದರು. ಕೊನೆಗೆ ಬೋರ್ಡಿನಿಂದ ಹೆಸರು ಅಳಿಸಿ ಬರೀ 'ಬೀಗ ರಿಪೇರಿ' ಅಂತ ಉಳಿಸೋಕೆ ಪೇಂಟರನ್ನು ಕರೆಸಿಯೇಬಿಟ್ಟರು.

"ಇಂಜಿನಿಯರ್ ಸೇತುವೆ ಕಟ್ಟಿದಾಗ ನಿಮಗೇನು ಸಂಬಳ ಬಂತಾ? ಕಳ್ಳ ಕದ್ದರೆ ನಿಮಗ್ಯಾಕ್ರೀ ಶಿಕ್ಷೆ?" ಅಂದೆ.

"ತಾತ ಇಟ್ಟ ಹೆಸರು, ಅಳಿಸೋಕೆ ನಂಗೂ ಇಷ್ಟ ಇಲ್ಲ ಕಣೇ. ಏನ್ಮಾಡ್ಲಿ, ಅಂಗಡಿ ನಡೀಬೇಕಲ್ಲ."

ಪೇಂಟರ್ ಏಣಿ ಹತ್ತಿ ಮನೆತನದ ಹೆಸರಿಗೆ ಬಿಳಿ ಬಳಿದಿದ್ದ. ಅಷ್ಟರಲ್ಲಿ ಎದುರಿನಿಂದ ಕೂಗು. ಟೈಲರಮ್ಮ ಬಟ್ಟೆ ಒಣಹಾಕಲು ಹೊರಗೆ ಬಂದಿದ್ದಾಳೆ, ಗಾಳಿಗೆ ಬಾಗಿಲು ಹಾಕಿಕೊಂಡು ಲಾಕ್ ಆಗಿದೆ. ಒಳಗೆ ಮೊಮ್ಮಗಳು, ಒಲೆಯ ಮೇಲೆ ಹಾಲು. ಇವರ ಹೆಸರನ್ನು ಮನೆತನದ ಹೆಸರಿನ ಸಮೇತ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಒಂದು ತಿಂಗಳಿಂದ ಯಾರೂ ಇವರನ್ನು ಆ ಹೆಸರಿನಿಂದ ಕರೆದಿರಲಿಲ್ಲ.

ಇವರು ಚೀಲ ಹಿಡಿದು ಓಡಿದರು. ಎರಡೇ ನಿಮಿಷ, ಬೀಗ ಕಟಕ್ ಅಂತು. ಎಂದಿನಂತೆ ಬೆನ್ನು ತಿರುಗಿಸಿ ನಿಂತರು.

"ಅಯ್ಯೋ, ಅದೇನು ನಿಂತಿದ್ದೀರಿ? ನಾನು ಮಗು ಎತ್ಕೋತೀನಿ, ನೀವು ಒಲೆ ಆರಿಸಿ!" ಅಂತ ಟೈಲರಮ್ಮ ಇವರ ಕೈ ಹಿಡಿದು ಒಳಗೆ ಎಳೆದುಕೊಂಡಳು.

ಹೊರಗೆ ಬಂದವರು ನೇರ ಏಣಿಯ ಹತ್ತಿರ ಹೋದರು. ಕಣ್ಣು ತುಂಬಿತ್ತು. ಹಾಲು ಸೀದ ಹೊಗೆ ಅಂದರು, ನಾನೇನೂ ನಂಬಲಿಲ್ಲ.

"ಅಳಿಸಿದ್ದನ್ನ ಮತ್ತೆ ಬರಿಯಪ್ಪಾ," ಅಂದರು ಪೇಂಟರಿಗೆ. "ಸ್ವಲ್ಪ ದಪ್ಪಕ್ಕೇ ಬರಿ."