ಅತ್ತೆ ಕಾಶಿಯಲ್ಲಿ ಬಿಟ್ಟು ಬಂದದ್ದು

ಪುತ್ತೂರು ಬಸ್‌ಸ್ಟ್ಯಾಂಡಿನ ಹೊರಗೆ ಹಲಸಿನ ತೊಳೆ ಮಾರುವವರು ಕೂತರೆಂದರೆ ಆ ಪರಿಮಳ ರಸ್ತೆ ದಾಟಿ ಬಂದು ಹಿಡಿಯುತ್ತದೆ. ಮೊನ್ನೆ ಬಸ್ಸಿಗೆ ಕಾಯುತ್ತಾ ಒಂದು ಪೊಟ್ಟಣ ಕೊಂಡೆ. ತಿನ್ನುವ ಮೊದಲೇ ಬೆಟ್ಟಂಪಾಡಿಯ ನಮ್ಮ ಮನೆಯ ಹಿಂದಿನ ಜಗಲಿ ಕಣ್ಣೆದುರು ಬಂತು. ಹರಡಿದ ಗೋಣಿ, ತೆಂಗಿನೆಣ್ಣೆ ಹಚ್ಚಿದ ಕತ್ತಿ, ಮೊಣಕೈಯವರೆಗೆ ಎಣ್ಣೆ ಪೂಸಿಕೊಂಡು ಹಲಸು ಬಿಡಿಸುತ್ತಿದ್ದ ಅತ್ತೆ. ಆ ಮನೆ ಈಗ ಇಲ್ಲ. ರಸ್ತೆ ಅಗಲ ಮಾಡುವಾಗ ಅರ್ಧ ಹೋಯಿತು, ಉಳಿದದ್ದನ್ನು ನಾವೇ ಕೆಡವಿದೆವು.

ಅತ್ತೆ ಎಂದರೆ ಅಪ್ಪನ ಅಕ್ಕ. ಮದುವೆಯಾಗಿರಲಿಲ್ಲ. ಪೆರಾಬೆಯ ಕಡೆ ಟೀಚರಾಗಿದ್ದು, ನಿವೃತ್ತಿಯ ಮೇಲೆ ನಮ್ಮೊಟ್ಟಿಗೆ ಇರಲು ಬಂದಿದ್ದರು. ಇರಲು ಎನ್ನುವುದು ಹೆಸರಿಗೆ ಮಾತ್ರ. ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ತಿರುಗುತ್ತಲೇ ಇದ್ದರು. ಯಾತ್ರೆಯ ಬಸ್ಸು ಹೊರಡುತ್ತದೆಂದು ಕಿವಿಗೆ ಬಿದ್ದರೆ ಸಾಕು, ಅವಲಕ್ಕಿಯೂ ಮಿಡಿ ಉಪ್ಪಿನಕಾಯಿಯೂ ಚೀಲಕ್ಕೆ ಇಳಿಯುತ್ತಿದ್ದವು. ದೇವರು ಬರೇ ನೆಪವೆಂದು ನನ್ನ ಅನುಮಾನ. ರಾಮೇಶ್ವರದಿಂದ ಬಂದವರು ದೇವಸ್ಥಾನದ ಬಗ್ಗೆ ಒಂದು ಮಾತು ಹೇಳಿ, ಸಮುದ್ರದ ಮೇಲೆ ಓಡುವ ರೈಲಿನ ಬಗ್ಗೆ ವಾರವಿಡೀ ಹೇಳಿದ್ದರು. "ಕೋಶ ಓದಿಸಿ ಆಯ್ತು, ಇನ್ನು ದೇಶ ಸುತ್ತುದು," ಎನ್ನುತ್ತಿದ್ದರು.

ಅಜ್ಜಿಗೆ ಇದು ಸರಿಬರುತ್ತಿರಲಿಲ್ಲ. ಒಂಟಿ ಹೆಂಗಸು ಊರೂರು ತಿರುಗಿದರೆ ಜನ ಏನೆನ್ನುತ್ತಾರೋ ಎಂಬ ಚಿಂತೆ ಒಂದು ಕಡೆ. ಮಗಳು ಮನೆ ಮುಟ್ಟುವವರೆಗೆ ನಿದ್ದೆ ಬಾರದ ಹೆದರಿಕೆ ಅದಕ್ಕಿಂತ ಹೆಚ್ಚು. ಅತ್ತೆ ಕಾಶಿಗೆ ಹೊರಟಾಗ ಅಜ್ಜಿ ಉಪಾಯ ಹೂಡಿದರು. ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದನ್ನು ಅಲ್ಲಿ ಬಿಟ್ಟು ಬರುವ ಕ್ರಮವಿದೆಯಲ್ಲ. ಬಿಟ್ಟದ್ದನ್ನು ಬದುಕಿರುವವರೆಗೆ ಮುಟ್ಟುವಂತಿಲ್ಲ. ನಮ್ಮ ಊರಿನಲ್ಲಿ ಹೆಚ್ಚಿನವರು ಹಾಗಲಕಾಯಿ ಬಿಟ್ಟು ಪುಣ್ಯ ಕಟ್ಟಿಕೊಂಡು ಬಂದವರು.

"ನಿನಗೆ ಎಂತ ಪ್ರೀತಿ ಅಂತ ನನಗೆ ಗೊತ್ತುಂಟು. ಈ ತಿರುಗಾಟವನ್ನೇ ಗಂಗೆಯಲ್ಲಿ ಬಿಟ್ಟು ಬಾ," ಎಂದರು ಅಜ್ಜಿ. ಅತ್ತೆ ಅವಲಕ್ಕಿಯ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು.

ಅವರು ಹಿಂದಿರುಗಿದ್ದು ಹಲಸಿನ ಕಾಲದಲ್ಲಿ. ಗಂಗೆಯ ನೀರನ್ನು ದೇವರ ಕೋಣೆಯಲ್ಲಿ ಇಟ್ಟದ್ದೇ ತಡ, ಅಜ್ಜಿ ಕೇಳಿದರು, "ಬಿಟ್ಟಿಯಾ?"

"ಬಿಟ್ಟೆ. ಹಲಸಿನ ಹಣ್ಣು."

ಊಟ ಬಿಟ್ಟಾದರೂ ಗಟ್ಟಿ ತೊಳೆಯ ಬಕ್ಕೆ ಹಲಸು ತಿನ್ನುತ್ತಿದ್ದವರು ಅತ್ತೆ. "ನಾನು ಹೇಳಿದ್ದು ಅದಲ್ಲ," ಎಂದು ಅಜ್ಜಿ ಗೊಣಗಿದರು.

"ಪ್ರೀತಿಯದ್ದು ಬಿಡ್ಲಿಕ್ಕೆ ಹೇಳಿದ್ದಲ್ವಾ ಅಮ್ಮ, ಬಿಟ್ಟಿದ್ದೇನೆ. ತಿರುಗಾಟದ ಮಾತು ಇನ್ನು ತೆಗೀಬೇಡ."

ಅಜ್ಜಿ ತೆಗೆಯಲಿಲ್ಲ. ಮುಂದಿನ ಯಾತ್ರೆಗೆ ಅವಲಕ್ಕಿ ಕಟ್ಟಿಕೊಟ್ಟದ್ದೂ ಅವರೇ. ಅತ್ತೆ ಮಾತ್ರ ಪ್ರತಿ ವರ್ಷ ಮನೆಮಂದಿಗೆಲ್ಲ ಹಲಸು ಬಿಡಿಸಿ ಕೊಟ್ಟು, ತಾವು ಕೈ ತೊಳೆದು ಏಳುತ್ತಿದ್ದರು. ನಾನು ತುಂಟತನಕ್ಕೆ ತೊಳೆಯನ್ನು ಅವರ ಮೂಗಿನ ಹತ್ತಿರ ಹಿಡಿದರೆ ಉಸಿರೆಳೆದುಕೊಂಡು, "ಪರಿಮಳ ಬಿಟ್ಟಿಲ್ಲ ಮಾರಾಯ್ತಿ," ಎಂದು ನಗುತ್ತಿದ್ದರು.

ಅಜ್ಜಿ ತೀರಿಹೋಗಿ ಎಷ್ಟೋ ವರ್ಷಗಳ ಮೇಲೆ ಅತ್ತೆಗೆ ಒಂದು ಬದಿ ಸ್ವಾಧೀನ ತಪ್ಪಿತು. ಕಿಟಕಿಯಿಂದ ಬಸ್ಸುಗಳ ಸದ್ದು ಕೇಳುತ್ತಾ ಮಲಗಿರುತ್ತಿದ್ದರು. ಅಷ್ಟು ತಿರುಗಿದವರನ್ನು ಹಾಗೆ ನೋಡುವುದು ನನಗೆ ಆಗುತ್ತಿರಲಿಲ್ಲ. ಒಂದು ದಿನ ಅಮ್ಮ ಬಟ್ಟಲಲ್ಲಿ ತೊಳೆ ತಂದು ಹೇಳಿದರು, "ಇನ್ನಾದ್ರೂ ತಿನ್ನಿ ಅತ್ತಿಗೆ. ಕೇಳುವವರೂ ಇಲ್ಲ, ನಿಮಗೆ ಯಾತ್ರೆಗೆ ಹೋಗ್ಲಿಕ್ಕೂ ಇಲ್ಲ."

"ಹೋದದ್ದು ಉಂಟಲ್ಲ," ಎಂದರು ಅತ್ತೆ. ಬಟ್ಟಲನ್ನು ನನ್ನ ಕಡೆಗೆ ಸರಿಸಿದರು.

ಅದೇ ಬೇಸಗೆಯ ಕೊನೆಗೆ ತೀರಿಕೊಂಡರು. ಹನ್ನೆರಡರ ದಿನ ಅವರ ಹೆಸರಿನ ಎಲೆಗೆ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಬೇಕಿತ್ತು. "ಸತ್ತವರಿಗೆ ಬಿಟ್ಟದ್ದರ ಲೆಕ್ಕ ಇಲ್ಲ, ಹಲಸು ಬಡಿಸಬಹುದು," ಎಂದರು ಭಟ್ಟರು. ಹಣ್ಣು ಅಡುಗೆಮನೆಯಲ್ಲೇ ಇತ್ತು. ಅಪ್ಪ ಎಲೆಯ ಮುಂದೆ ಕೂತು ಉಳಿದದ್ದನ್ನೆಲ್ಲ ಒಂದೊಂದಾಗಿ ಬಡಿಸಿದರು. ಆಮೇಲೆ ಪಾಯಸದ ಪಕ್ಕದ ಜಾಗವನ್ನು ಹಾಗೇ ಖಾಲಿ ಬಿಟ್ಟು ಎದ್ದರು.