ಮಂಚದ ಕೆಳಗಿನ ಜೋಳದ ಚೀಲ

ನನ್ನ ಡಬ್ಬಿಯ ಜೋಳ ಮೂಸಿದ ಗಿರಣಿಯ ಶಾಂತಕ್ಕ ಮುಖ ಸಿಂಡರಿಸಿದರು. “ಟೀಚರ‍್ರೇ, ಇದಕ್ಕ ಗುಳಿಗಿ ಹಾಕೀರೇನ್ರಿ? ಚೀಲ ಎಲ್ಲಿಟ್ಟೀರಿ?”

ನುಸಿ ಹತ್ತಿದೆಯೆಂದು, ಅಂಗಡಿಯಿಂದ ತಂದ ಗುಳಿಗೆಗಳನ್ನು ಬೆಳಿಗ್ಗೆಯಷ್ಟೇ ಬಟ್ಟೆಯಲ್ಲಿ ಕಟ್ಟಿ ಜೋಳದ ಚೀಲದೊಳಗೆ ಇಟ್ಟಿದ್ದೆ. ಕೊಟ್ಟೂರಿನ ನಮ್ಮ ಪುಟ್ಟ ಬಾಡಿಗೆ ಮನೆಯಲ್ಲಿ ಆ ಚೀಲಕ್ಕೆ ಜಾಗ ಸಿಕ್ಕಿದ್ದು ಮಗಳು ಮಲಗುವ ಮಂಚದ ಕೆಳಗೆ.

ಅಷ್ಟು ಹೇಳಿದ್ದೇ ತಡ, ಶಾಂತಕ್ಕ ಗಿರಣಿ ನಿಲ್ಲಿಸಿದರು. ಪಾಳಿಯಲ್ಲಿದ್ದವರು ಗೊಣಗಿದರೂ ಕೇಳದೆ ನನ್ನೊಡನೆ ಮನೆಗೆ ಬಂದರು. ಕಿಟಕಿ ಬಾಗಿಲು ತೆರೆಸಿ, ಮೂಗಿಗೆ ಸೆರಗು ಕಟ್ಟಿಕೊಂಡು ಚೀಲವನ್ನು ಅಂಗಳಕ್ಕೆ ಎಳೆದು ಹಾಕಿದರು.

“ಅದು ವಿಷದ ಗಾಳಿ ಬಿಡತೈತ್ರಿ. ರಾತ್ರಿ ಬಾಗಲಾ ಹಾಕ್ಕೊಂಡು ಮಲಗಿದ್ರ ಕೂಸು ತಡಿತಿತ್ತೇನ್ರಿ?” ಎಂದರು. ಅಂದಿನ ರೊಟ್ಟಿಗೆ ತಮ್ಮ ಮನೆಯ ಹಿಟ್ಟನ್ನೇ ಕೊಟ್ಟರು.

ಈಗ ಜೋಳವನ್ನು ಬಿಸಿಲಿಗೆ ಒಣಗಿಸಿ, ಒಣಗಿದ ಬೇವಿನ ಸೊಪ್ಪು ಬೆರೆಸಿಡುತ್ತೇನೆ. ಆದರೂ ಮೊರದಲ್ಲಿ ಒಂದೆರಡು ನುಸಿ ಹರಿದಾಡುತ್ತವೆ. ಮಗಳು ಪಕ್ಕದಲ್ಲಿ ಕೂತು ಅವನ್ನು ಎಣಿಸುತ್ತಾಳೆ. ಎಣಿಸಲಿ. ಶಾಂತಕ್ಕನ ಹೊಟ್ಟೆ ತಣ್ಣಗಿರಲಿ.